ಲಾಭ, ಎರಡ, ಮೂರ: ಸಿಂಗಪುರದ ಮಳ್ಯಾಗ ಒಂದು ದಿನ

ನನ್ನ ಮೊಮ್ಮಗಳು ಮಾತಾಡಿದ್ಳು. ಮೊದಲು ಇದನ್ನ ಹೇಳಿಬಿಡ್ತೇನಿ, ಉಳದದ್ದು ಆಮ್ಯಾಲ. ಮೂರು ವರ್ಷ ಒಂಬತ್ತು ತಿಂಗಳ ಕೂಸು. ಅವ್ವಾ ಅಂದಾಕಿ ಅಲ್ಲ, ಅಪ್ಪಾ ಅಂದಾಕಿ ಅಲ್ಲ, ಹಸಿವಾತು ಅಂದಾಕಿ ಅಲ್ಲ. ಅಂಥಾಕಿ ಸಿಂಗಪುರದಾಗ, ಜಡಿಮಳಿ ಸುರಿಯೋ ಮಧ್ಯಾಹ್ನ, ನೂರಾರು ಮಂದಿ ಕುಂತು ಉಣ್ಣೋ ಜಾಗಾದಾಗ, ಬೆರಳಿಟ್ಟು ಐದು ಮಾತಾಡಿದ್ಳು. ಐದಂದ್ರ ಐದ. ತಪ್ಪು ಎಣಿಸಿಲ್ಲ ನಾನು, ಎಣಿಸೋದು ನನ್ನ ಕಸಬು.

ನಾನು ಲಕ್ಷ್ಮೇಶ್ವರದಾಗ ಚುರುಮುರಿ ಮಾರಾಕಿ. ತವರುಮನಿ ಯಳವತ್ತಿ. ಶಾಲಿ ಕಲತದ್ದು ನಾಕನೇ ಇಯತ್ತೆ ತನಕ, ಅಕ್ಷರ ತಪ್ಪಿದ್ರ ನೀವ ತಿದ್ದಿಕೊಂಡು ಓದ್ರಿ. ಊರಿಗೆ ಬಂದಾಗಿಂದ ಅಂಗಡಿಗೆ ಬಂದವರೆಲ್ಲಾ ಸಿಂಗಪುರ ಹೆಂಗೈತಿ ಅಂತ ಕೇಳ್ತಾರ. ಒಬ್ಬರಿಗೆ ಹೇಳಿ ಮುಗಸೂದ್ರಾಗ ಇನ್ನೊಬ್ಬರು ಬರ್ತಾರ. ಹೇಳಿ ಹೇಳಿ ಗಂಟಲು ಒಣಗೇತಿ, ಅದಕ್ಕ ಬರೀತೇನಿ. ಎರಡು ತಿಂಗಳು ಇದ್ದೆ. ಎಲ್ಲಾ ಬರಿಯಂಗಿಲ್ಲ, ಒಂದು ದಿನದ್ದು ಬರೀತೇನಿ.

ಬ್ಯಾಗಿನ ತುಂಬ ಚುರುಮುರಿ

ಮಗಳು ಸವಿತಾ ಅಲ್ಲೆ ದೊಡ್ಡ ದವಾಖಾನ್ಯಾಗ ನರ್ಸ್ ಅದಾಳ. ಅಳಿಯ ಮಂಜುನಾಥ ಹಡಗ ಕಟ್ಟೋ ಕಾರಖಾನ್ಯಾಗ ಬೆಸುಗಿ ಕೆಲಸ ನೋಡಿಕೊಳ್ತಾರ. ಇಬ್ಬರೂ ಪಾಳಿ ಮ್ಯಾಲ ದುಡಿಯೋರು. ಎರಡು ತಿಂಗಳು ಬಂದು ಕೂಸಿನ್ನ ನೋಡಿಕೋ ಅವ್ವಾ ಅಂದ್ರು. ನಮ್ಮನಿಯವರು, "ನೀ ಹೋಗು, ಅಂಗಡಿ ನಾ ನೋಡ್ತೇನಿ. ನನಗ ವಿಮಾನದಾಗ ಕಿವಿ ಕಟ್ಟತಾವು" ಅಂದ್ರು. ಒಮ್ಮೆನೂ ವಿಮಾನ ಹತ್ತಿದವರಲ್ಲ, ಕಿವಿ ಕಟ್ಟೋದು ಅವರಿಗೆ ಹೆಂಗ ಗೊತ್ತಾತೋ.

ನನ್ನ ಎರಡು ಬ್ಯಾಗಿನ್ಯಾಗ ದೊಡ್ಡದರ ತುಂಬ ಬರೇ ಚುರುಮುರಿ. ಸಿಂಗಪುರದ ವಿಮಾನ ನಿಲ್ದಾಣದಾಗ ತಪಾಸಣಿ ಮಾಡೋ ಹುಡುಗಿ, ಇಷ್ಟು ದೊಡ್ಡ ಬ್ಯಾಗು ಭಾರ ಇರ್ತೈತಿ ಅಂತ ಎರಡೂ ಕೈಲೆ ಜೋರು ಮಾಡಿ ಎತ್ತಿದ್ಳು. ಹಗುರಾಗಿ ಮ್ಯಾಲ ಬಂದು ಹಿಂದಕ್ಕ ಜೋಲಿ ಹೊಡದ್ಳು. ತಗದು ನೋಡಿದ್ರ ಚುರುಮುರಿ, ಅದರ ನಡುವ ನಮ್ಮ ಅತ್ತಿಯವರ ಕಾಲದ ಹಿತ್ತಾಳಿ ಪಾವು. ಪಾವು ಅಂದ್ರ ಅಳಿಯೋ ಡಬ್ಬಿ, ಈಗಿನ ಹುಡುಗರಿಗೆ ಗೊತ್ತಿರಂಗಿಲ್ಲ ಅಂತ ಹೇಳಿದೆ. ಅಕಿ ಅದನ್ನ ತಿರುವಿ ಮುರುವಿ ನೋಡಿದ್ಳು. "ಒಂದು ಮುಟಿಗಿ ಬಾಯಿಗೆ ಹಾಕ್ಕೊಂಡು ನೋಡವಾ" ಅಂದೆ. ತಿಳೀತೋ ಬಿಟ್ಟಿತೋ, ನಕ್ಕು ಬ್ಯಾಗು ಮುಚ್ಚಿ ಕಳಿಸಿದ್ಳು.

ಹನ್ನೆರಡನೇ ಅಂತಸ್ತು

ಮೊಮ್ಮಗಳ ಹೆಸರು ಇಂಚರಾ. ಇಂಪಾದ ದನಿ ಅಂತ ಅದರ ಅರ್ಥ. ಹೆಸರಿಡುವಾಗ ನಾವೆಲ್ಲಾ ಖುಷಿಪಟ್ಟಿದ್ವಿ. ಆಮ್ಯಾಲ ಆ ಹೆಸರು ಕರಿಯಾಕನ ಸಂಕಟ ಆಗೋ ಹಂಗಾತು.

ನಾ ಹೋದ ಮರುದಿನ ಸವಿತಾ ನನ್ನ ಅಡಗಿಮನಿಗೆ ಕರಕೊಂಡು ಹೋಗಿ ಸಣ್ಣ ದನೀಲೆ ಹೇಳಿದ್ಳು. "ಅವ್ವಾ, ಬ್ಯಾಸರ ಮಾಡ್ಕೋಬ್ಯಾಡ. ಅಕಿ ಮುಂದ ಕನ್ನಡ ಮಾತಾಡಬ್ಯಾಡ. ಎರಡೆರಡು ಭಾಷಾ ಕಿವಿಗೆ ಬಿದ್ದು ಗೊಂದಲ ಆಗಿರಬೇಕು, ಒಂದ ಭಾಷಾ ಇರ್ಲಿ ಅಂತ ಶಾಲಿ ಅಕ್ಕೋರು ಹೇಳ್ಯಾರ. ನಾವೂ ಅಕಿ ಮುಂದ ಇಂಗ್ಲಿಷ್ ಮಾತಾಡ್ತೇವಿ."

"ನನಗ ಇಂಗ್ಲಿಷ್ ಬರಂಗಿಲ್ಲಲ್ಲವಾ."

"ಗೊತ್ತೈತಿ. ಅದಕ್ಕ..." ಅಂತ ನಿಲ್ಲಿಸಿದ್ಳು.

ಸಿಟ್ಟು ಬಂತು, ಖರೆ ಹೇಳ್ತೇನಿ. ಆಮ್ಯಾಲ ಅಕಿ ಮಾರಿ ನೋಡಿದೆ. ದಿನವೆಲ್ಲಾ ಬ್ಯಾನಿ ಬಿದ್ದವರನ್ನ ಎಲ್ಲಿ ನೋಯ್ತೈತಿ ಅಂತ ಕೇಳಿ, ಹೇಳಿಸಿಕೊಂಡು ಬರೋ ಹುಡುಗಿ, ಮನಿಗೆ ಬಂದ್ರ ಹೆತ್ತ ಕೂಸು ಏನೂ ಹೇಳಂಗಿಲ್ಲ. ಕಿವಿ ಚಲೋ ಅದಾವು, ನಾಲಿಗಿ ಚಲೋ ಐತಿ ಅಂತ ಡಾಕ್ಟರ್ ಹೇಳ್ಯಾರ. ಇನ್ನೆರಡು ತಿಂಗಳು ನೋಡೂದು, ಇಲ್ಲಂದ್ರ ಮಾತು ಬರದ ಮಕ್ಕಳ ಬ್ಯಾರೆ ಶಾಲಿಗೆ ಹಾಕೂದು. ಆ ಶಾಲಿ ಅರ್ಜಿ ತುಂಬಿ ಕಪಾಟಿನ್ಯಾಗ ಇಟ್ಟಿದ್ಳು. ನಾ ಹೂಂ ಅಂದೆ.

ಸಂತ್ಯಾಗ ನಲವತ್ತು ವರ್ಷ ಒದರಿದ ಗಂಟಲಿದು. ಅದನ್ನ ಮುಚ್ಚಿಕೊಂಡು ಕೂಡೂದು ಅಂದ್ರ ಏನು ಅಂತ ಕುಂತವರಿಗೇ ಗೊತ್ತು. ಹುಬ್ಬಿನಾಗ ಮಾತಾಡಾಕ ಕಲತೆ. ಹುಬ್ಬು ಏರಿಸಿದ್ರ ಉಣ್ತೀ ಏನು, ಗದ್ದ ಎತ್ತಿದ್ರ ನಡಿ ಹೋಗೂಣು. ಕೂಸೂ ಹಂಗ ಹುಬ್ಬಿನಾಗ ಉತ್ತರ ಕೊಡತಿತ್ತು. ಅವರ ಮನಿ ಇದ್ದ ಹನ್ನೆರಡನೇ ಅಂತಸ್ತಿಂದ ನಾವಿಬ್ಬರೂ ಹಿಂಗ ಲಿಫ್ಟಿನ್ಯಾಗ ಹೋಗಿಬರೂದು ನೋಡಿ, ಬಾಜೂ ಮನಿ ಮುದುಕ ನನಗ ಮಾತು ಬರಂಗಿಲ್ಲ ಅಂತ ತಿಳಕೊಂಡು ಕೈಸನ್ನಿ ಮಾಡಿ ನಮಸ್ಕಾರ ಹೇಳಾಕ ಹತ್ತಿದ. ನಾನೂ ಕೈಸನ್ನಿಲೆ ಹೇಳಿದೆ. ಇನ್ನೇನ ಮಾಡ್ಲಿ.

ನಮ್ಮನಿಯವರು ದಿನಾ ಫೋನ್ ಮಾಡಿದ್ರ ಮೊದಲ ಮಾತ, "ಕೂಸು ಏನರ ಅಂತೇನ?" ನಾ ಅಡಗಿಮನಿ ಬಾಗಲ ಮುಂದ ಮಾಡಿಕೊಂಡು ಪಿಸುಮಾತಿನ್ಯಾಗ ಇಲ್ಲ ಅಂತಿದ್ದೆ.

ಒಂದು ಕಡೆ ಮಾತ್ರ ಬಾಯಿ ನನ್ನ ಮಾತು ಕೇಳಲಿಲ್ಲ. ದಿನಾ ಸಂಜಿಮುಂದ ಕೂಸಿಗೆ ಚುರುಮುರಿ ಅಳದು ಹಾಕತಿದ್ದೆ. ನಮ್ಮ ಕಡೆ ಅಳಿಯುವಾಗ ಒಂದು ಅನ್ನಂಗಿಲ್ಲ. ಮೊದಲನೇ ಪಾವಿಗೆ ಲಾಭ ಅಂತೇವಿ. ಲಾಭ, ಎರಡ, ಮೂರ, ನಾಕ, ಹಿಂಗ ಎಣಿಕಿ. ಒಂದು ಅಂದ್ರ ಒಂಟಿ ಆಗಿ ಅಲ್ಲೇ ನಿಂತೀತು, ಲಾಭ ಅಂತ ಸುರು ಮಾಡಬೇಕು ಅಂತ ಅತ್ತಿಯವರು ನನಗ ಹೇಳಿಕೊಟ್ಟಿದ್ರು. ಕೈಯಾಗ ಪಾವು ಬಂತಂದ್ರ ಬಾಯಾಗ ಲಾಭ ಬರತೈತಿ, ಉಸರ ಬಿಟ್ಟಂಗ. ಅದನ್ನ ನಾ ಮಾತು ಅಂತ ಲೆಕ್ಕಕ್ಕ ಹಿಡದಿರಲಿಲ್ಲ. ಕೂಸು ಎದುರಿಗೆ ಕುಕ್ಕುರಗಾಲಲೆ ಕುಂತು ಪಾವು ನೋಡತಿತ್ತು, ನನ್ನ ಬಾಯಿ ನೋಡತಿತ್ತು.

ಛತ್ರಿಗೆ ಅಂಗಿ

ನಾ ಹೊಳ್ಳಿ ಬರಾಕ ಐದು ದಿನ ಉಳದಿದ್ವು. ಅವತ್ತು ಮಗಳಿಗೂ ಅಳಿಯಗೂ ಕೂಡೇ ರಜಾ ಸಿಕ್ಕಿತ್ತು. ಊರು ತೋರಸ್ತೇವಿ ಅಂತ ಹೊಂಟ್ವಿ. ಮುಂಜಾನಿಂದ ಮಳಿ.

ಅಳಿಯನ ಕಿವಿಯೊಳಗ ಕೇಳಿದೆ, "ಇದು ಯಾವ ಮಳಿ ರೀ?" ನಮ್ಮಲ್ಲೆ ಮಳಿ ಹೆಸರಿಲ್ಲದ ಬರಂಗಿಲ್ಲ. ರೋಹಿಣಿ ಹೋತು, ಮಿರಗ ಬಂತು, ಆರಿದ್ರಿ ಕೈ ಕೊಟ್ಟಿತು ಅಂತ ಮನಿಮಂದಿ ಹೆಸರು ಹೇಳಿದಂಗ ಹೇಳ್ತೇವಿ.

"ಅತ್ತಿ, ಇಲ್ಲೆ ಮಳಿಗೆ ಹೆಸರಿಲ್ಲ. ಹೆಚ್ಚುಕಡಿಮಿ ದಿನಾ ಬರತೈತಿ" ಅಂದ್ರು. ದಿನಾ ಬರೋ ಗಿರಾಕಿಗೆ ನಾವೂ ಹೆಸರು ಕೇಳಂಗಿಲ್ಲ, ಬಂದ್ಯಾ ಬಾ ಅಂತೇವಿ. ಹಂಗ ಇರಬೇಕು. ಆದ್ರೂ ಅಷ್ಟು ನೀರು ಹೊಲಾ ಕಾಣದ ಸೀದಾ ಗಟಾರ ಸೇರತಿತ್ತು. ಇದರಾಗ ಕಾಲುಭಾಗ ಮುಂಡರಗಿ ಕಡೆ ಬಿದ್ದಿದ್ರ.

ಒಂದು ದೊಡ್ಡ ಕಟ್ಟಡದ ಬಾಗಲದಾಗ ಕಬ್ಬಿಣದ ಒಂದು ಕಂಬ ನಿಂದರಿಸಿದ್ರು. ತೊಯ್ದ ಛತ್ರಿ ಅದರಾಗ ಇಳಿಸಿ ಎಳದ್ರ ಛತ್ರಿಗೆ ಉದ್ದನ್ನ ಪ್ಲಾಸ್ಟಿಕ್ ಅಂಗಿ ತೊಟ್ಟುಕೊಂಡು ಬರತೈತಿ. ನೆಲಕ್ಕ ನೀರು ಸೋರಬಾರದು ಅಂತ. ನಾ ನೋಡಿದೆ, ಛತ್ರಿಗಿಂತ ನನ್ನ ಚಪ್ಪಲಿ ಹೆಚ್ಚು ತೊಯ್ದಾವು. ಒಂದು ಚೀಲ ಎಳಕೊಂಡು ಎರಡೂ ಚಪ್ಪಲಿ ಅದರಾಗ ಹಾಕಿ, ಬರಿಗಾಲಲೆ ಒಳಗ ನಡದೆ. ಗುಡಿಗೆ ಹೋದಂಗ. ಕಾವಲು ನಿಂತಾಂವ ಓಡಿ ಬಂದ. ಸವಿತಾ ನಾಚಿಕಿಲೆ ಕೆಂಪಾಗಿ ಚಪ್ಪಲಿ ಹೊರಗ ತಗದು ನನ್ನ ಕಾಲಿಗೆ ಹಾಕಿದ್ಳು. ಬಯ್ಯಾಕ ಬಾಯಿ ತಗದಾಕಿ, ಕೂಸು ಅಲ್ಲೇ ಐತಿ, ಸುಮ್ಮನಾದ್ಳು. ಕನ್ನಡ ಬಂದ್ ಆಗಿದ್ದಕ್ಕ ನನಗಾದ ಲಾಭ ಅದೊಂದ.

ಗಾಜಿನೊಳಗಿನ ಗುಡ್ಡ

ಆಮ್ಯಾಲ ಗಾಜಿನ ಒಂದು ದೊಡ್ಡ ಮನಿ ತೋರಿಸಿದ್ರು. ಅದರೊಳಗ ಒಂದು ಗುಡ್ಡ ಕಟ್ಯಾರ. ಗುಡ್ಡದ ಮ್ಯಾಗಿಂದ ನೀರು ಬೀಳತೈತಿ, ತಾಸಿಗೊಮ್ಮೆ ಮಂಜು ಬಿಡ್ತಾರ. ಹೊರಗ ಖರೇ ಮಳಿ ಸುರೀತೈತಿ, ಅದನ್ನ ತಪ್ಪಿಸಿಕೊಂಡು ಮಂದಿ ಒಳಗ ಬಂದು, ಮಾಡಿದ ಮಳ್ಯಾಗ ತೊಯ್ಕೊಂಡು ಫೋಟೋ ತಗಸಿಕೊಳ್ತಾರ. ನನಗ ನಗು ಬಂತು. ಕಪ್ಪತಗುಡ್ಡದಾಗ ಶ್ರಾವಣ ಬಂದ್ರ ಮಂಜು ಪುಕ್ಕಟೆ ಇಳೀತೈತಿ, ದನ ಕಾಯೋರು ಬಿಟ್ರ ನೋಡೋರು ಕಡಿಮಿ.

ಆದ್ರ ಒಂದು ಮಾತು ಹೇಳಬೇಕು. ಪ್ರತಿ ಗಿಡದ ಬುಡಕ್ಕ ಹೆಸರು ಬರದು ಇಟ್ಟಿದ್ರು, ಒಂದು ಎಲಿ ಒಣಗಿದ್ದು ಕಾಣಲಿಲ್ಲ. ಯಾರೋ ಕೂತು ಸಣ್ಣ ಸಣ್ಣ ಬೇರಿಗೂ ನೀರು ಸಿಂಪಡಿಸಿದ್ದು ಕಾಣತಿತ್ತು. ನಾವು ಇದ್ದದ್ದನ್ನ ಕಣ್ಣೆತ್ತಿ ನೋಡಂಗಿಲ್ಲ, ಅವರು ಇಲ್ಲದ್ದನ್ನ ಕಟ್ಟಿಕೊಂಡು ಕಣ್ಣಾಗಿಟ್ಟು ಕಾಯ್ತಾರ.

ಕೂಸು ನೀರು ಬೀಳೂದರ ಮುಂದ ಬಹಳ ಹೊತ್ತು ನಿಂತಿತು. ತುಟಿ ಅಲ್ಲಾಡತಿದ್ವು, ದನಿ ಇಲ್ಲ. ಸವಿತಾ ಬಗ್ಗಿ ಬಗ್ಗಿ ನೀರು ತೋರಿಸಿ ಅದರ ಇಂಗ್ಲಿಷ್ ಹೆಸರು ಹೇಳತಿದ್ಳು. ಮತ್ತ ಹೇಳತಿದ್ಳು, ಮತ್ತ. ಬಾಜೂ ನಿಂತ ಬ್ಯಾರೆ ಊರಿನ ಒಂದು ಕೂಸು, ನಮ್ಮಕಿಗಿಂತ ಸಣ್ಣದು, ಪಟಪಟ ಅಂತ ಏನೇನೋ ಮಾತಾಡತಿತ್ತು. ಸವಿತಾ ಆ ಕಡೆ ನೋಡಬಾರದು ಅಂತ ಕುತಗಿ ಬಿಗಿ ಹಿಡದದ್ದು ನನಗ ಕಂಡಿತು. ಬಿಂಕದಕಟ್ಟಿ ಪ್ರಾಣಿಸಂಗ್ರಹಾಲಯದಾಗ ಸಣ್ಣಾಕಿ ಇದ್ದಾಗ ಸವಿತಾನ್ನ ಹುಲಿ ಮುಂದ ನಿಂದರಿಸಿದ್ರ, ಹುಲಿಗೇ ಮಾತಾಡಾಕ ಬಿಡದಂಗ ಪ್ರಶ್ನಿ ಕೇಳತಿದ್ಳು. ಅಂಥಾಕಿ ಹೊಟ್ಟ್ಯಾಗ ಇಂಥಾ ಕೂಸು.

ಉಣ್ಣೋ ಜಾಗಾ

ಹಸಿವಾಗಿತ್ತು. ಅಲ್ಲೆ ದೊಡ್ಡ ಚಪ್ಪರದ ಕೆಳಗ ಸುತ್ತೂಕಡೆ ಅಡಗಿ ಅಂಗಡಿ, ನಡುವ ಟೇಬಲ್ಲು, ಎಲ್ಲಾರೂ ತಾಟು ತಂದು ಕುಂತು ಉಣ್ಣೂದು. ಮಳಿ ಬಂದಿದ್ದಕ್ಕ ಊರಿಗೆ ಊರ ಅಲ್ಲೆ ಸೇರಿತ್ತು. ಅಳಿಯ ಸಸ್ಯಾಹಾರದ ಅಂಗಡಿ ಹುಡುಕಿ ಹೋದ್ರು. "ಅವ್ವಾ, ಖಾಲಿ ಟೇಬಲ್ ಕಂಡ್ರ ಕುಂತುಬಿಡು" ಅಂತ ಕಿವಿಯೊಳಗ ಹೇಳಿ, ಕೂಸಿನ್ನ ನನ್ನ ಕೂಡ ಬಿಟ್ಟು ಸವಿತಾನೂ ಹೋದ್ಳು.

ಒಂದು ಖಾಲಿ ಟೇಬಲ್ ಕಂಡಿತು. ಅದರ ಮ್ಯಾಲ ಮಾರಿ ಒರಸೋ ಕಾಗದದ ಸಣ್ಣ ಪಾಕೀಟು ಒಂದು ಬಿದ್ದಿತ್ತು. ಬಾಜೂಕ ಒಬ್ಬ ಮುದುಕಿ, ಚೀನಾ ಮಂದಿ ಪೈಕಿ, ನನಗಿಂತ ಹತ್ತು ವರ್ಷ ದೊಡ್ಡಾಕಿ ಇರಬೇಕು, ಬುಟ್ಟಿ ತುಂಬ ಅಂಥವ ಪಾಕೀಟು ಇಟ್ಟುಕೊಂಡು ಟೇಬಲ್ಲಿಂದ ಟೇಬಲ್ಲಿಗೆ ಮಾರಕೋತ ಹೊಂಟಿದ್ಳು. ಇಕಿದ ಒಂದು ಬಿದ್ದೈತಿ ಅಂತ ತಿಳಕೊಂಡೆ. ನಾನೂ ಮಾರಾಕಿ, ಮಾಲು ಕಳದ್ರ ಹೊಟ್ಟಿ ಎಷ್ಟು ಉರೀತೈತಿ ಗೊತ್ತು. ಎತ್ತಿ ಅಕಿ ಬುಟ್ಟ್ಯಾಗ ಹಾಕಿದೆ.

ಅಕಿ ಏನೋ ಅಂದು ಅದನ್ನ ತಗದು ಮತ್ತ ಟೇಬಲ್ ಮ್ಯಾಲ ಇಟ್ಲು. ಬಡವಿ ಸಂಕೋಚ ಮಾಡ್ಕೊಳ್ತಾಳ ಅಂತ ನಾ ಮತ್ತ ಬುಟ್ಟ್ಯಾಗ ಹಾಕಿದೆ. ಅಕಿ ಮತ್ತ ತಗದ್ಳು. ಮೂರನೇ ಸಲ ಅಕಿ ನನ್ನ ಮುಂಗೈ ಹಿಡದುಬಿಟ್ಲು. ನಾವಿಬ್ಬರೂ ಹಿಂಗ ಜಗ್ಗಾಡೂದ್ರಾಗ ಒಬ್ಬ ಹುಡುಗ, ಒಬ್ಬ ಹುಡುಗಿ ಊಟದ ತಾಟು ಹಿಡಕೊಂಡು ಬಂದು ನಮ್ಮನ್ನ ನೋಡಕೋತ ನಿಂತ್ರು. ಸವಿತಾ ಓಡಿ ಬಂದ್ಳು.

"ಅವ್ವಾ, ಏನು ಮಾಡಿದಿ? ಅದು ಅವರು ಜಾಗಾ ಹಿಡಿಯಾಕ ಇಟ್ಟಿದ್ದು."

"ಕಾಗದದ ಪಾಕೀಟು ಇಟ್ರ ಜಾಗಾ ಅವರದೇನ?"

"ಹೂಂ, ಇಲ್ಲೆ ಹಂಗ. ಯಾರೂ ಮುಟ್ಟಂಗಿಲ್ಲ."

"ಅಯ್ಯ, ಬಸ್ಸಿನ್ಯಾಗ ಟಾವೆಲ್ ಒಗದಂಗ ಅನ್ನಬಾರದ? ಆಗಳೇ ತಿಳೀತಿತ್ತು."

ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನ್ಯಾಗ ಬಸ್ಸು ನಿಲ್ಲೂದಕ್ಕ ಮೊದಲ ಕಿಡಕ್ಯಾಗಿಂದ ಟಾವೆಲ್ ಒಗದು ಸೀಟು ಹಿಡಿಯೋರು ನಾವು. ಒಬ್ಬರ ಟಾವೆಲ್ ಎತ್ತಿ ಕಂಡಕ್ಟರ್ ಕೈಯಾಗ ಕೊಟ್ರ ಏನಾದೀತು, ಅದನ್ನ ನಾ ಸಿಂಗಪುರದಾಗ ಮಾಡಿದ್ದೆ. ನಮ್ಮಲ್ಲಾದ್ರ ಗದಗ ಮುಟ್ಟುತನಕ ಜಗಳ. ಆ ಹುಡುಗ ಹುಡುಗಿ ಮಾತ್ರ ನಕ್ಕು, ಸರದು ಕುಂತು, ನಮಗೂ ಜಾಗಾ ಮಾಡಿಕೊಟ್ರು.

ಆ ಗಡಿಬಿಡ್ಯಾಗ ಕೂಸಿನ ಮುಂದ ನಾನೂ ಸವಿತಾನೂ ಗಟ್ಟಿಯಾಗಿ ಕನ್ನಡದಾಗ ಮಾತಾಡಿಬಿಟ್ಟಿದ್ವಿ. ನೆನಪಾದ ಕೂಡ್ಲೆ ಇಬ್ಬರೂ ಬಾಯಿ ಮುಚ್ಚಿದ್ವಿ. ಕೂಸು ಒಮ್ಮೆ ಅವರವ್ವನ ಬಾಯಿ ನೋಡಿತು, ಒಮ್ಮೆ ನನ್ನ ಬಾಯಿ.

ಮುದುಕಿ ಹೋಗಿರಲಿಲ್ಲ. ಅಕಿ ಕಡಿಂದ ಪಾಕೀಟು ತಗೋ ಅಂತ ಸವಿತಾಗ ಸನ್ನಿ ಮಾಡಿದೆ, ಅಷ್ಟು ಜಗ್ಗಾಡಿದ್ದಕ್ಕ ಅದಾದ್ರೂ ಆಗಲಿ ಅಂತ. ಮುದುಕಿ ಕೂಸಿನ ಮುಂದ ಬಗ್ಗಿ ಒಂದು ಪಾಕೀಟು ಇಟ್ಟು "ಒನ್" ಅಂದ್ಳು.

ಕೂಸು ಅದರ ಮ್ಯಾಲ ಬೆರಳಿಟ್ಟಿತು.

"ಲಾಭ" ಅಂತು.

ನಾ ಹಿಂದಕ್ಕ ತಿರುಗಿ ನೋಡಿದೆ, ನಮ್ಮ ಕಡಿಯವರು ಯಾರೋ ಬಂದಾರ ಅಂತ. ಸಿಂಗಪುರದಾಗ ಲಾಭ ಅನ್ನೋರು ಯಾರು? ಮುದುಕಿ ಎರಡನೇದು ಇಟ್ಲು.

"ಎರಡ."

ಮೂರನೇದು.

"ಮೂರ."

ಸ್ವಲ್ಪ ದಪ್ಪ ದನಿ. ಸಣ್ಣ ಕೂಸಿಗೆ ಅಂಥಾ ದನಿ ಇರತೈತಿ ಅಂತ ಎಣಿಸಿರಲಿಲ್ಲ ನಾನು. ನಮ್ಮ ಅತ್ತಿಯವರದು ಹಂಗ ಇತ್ತು.

ಮುದುಕಿ ಮೂರು ಇಟ್ಟು ಕೈ ಹಿಂದಕ್ಕ ತಗೊಂಡ್ಳು, ಕೊಟ್ಟ ರೊಕ್ಕಕ್ಕ ಮೂರ, ಅಕಿ ಯಾಪಾರ ಅಲ್ಲಿಗೆ ಮುಗೀತು. ಇಲ್ಲಿಗೆ ನಿಂತುಬಿಟ್ರ ಹೆಂಗ? ಬಾಯಿ ತಗದ್ರ ಎಲ್ಲಿ ಕೂಸು ಬೆದರೀತೋ. ನನಗ ಗೊತ್ತಿರದ ನನ್ನ ಅಂಗೈ ಮುಂದ ಹೋತು, ಕೊಸರು ಕೇಳೋ ಹಂಗ. ಅಳದು ಮುಗದ ಮ್ಯಾಲ ಇನ್ನೊಂದು ಮುಟಿಗಿ ಹಾಕು ಅಂತ ಗಿರಾಕಿ ನನ್ನ ಮುಂದ ದಿನಾ ಹಿಡಿಯೋ ಕೈ ಅದು. ಮುದುಕಿ ನನ್ನ ಅಂಗೈ ನೋಡಿದ್ಳು. ಮಾರೋರಿಗೆ ಮಾರೋರ ಭಾಷಾ ತಿಳೀತೈತಿ. ನಕ್ಕು ಇನ್ನೊಂದು ಇಟ್ಲು.

"ನಾಕ."

ಆಗ ಮುದುಕಿ ಮಾರಿ ಗಂಭೀರ ಆತು. ಏನೋ ಅಂದು, ನಾಕರ ಬಾಜೂಕ ತಾನಾಗೇ ಇನ್ನೊಂದು ಇಟ್ಲು.

"ಐದ" ಅಂತು ಕೂಸು. ಅಂದು, ಐದನ್ನೂ ಎದಿಗೆ ಅವಚಿಕೊಂಡಿತು.

ಆ ಹೊತ್ತಿಗೆ ಅಳಿಯ ಊಟ ತಂದಿದ್ರು. ಮುದುಕಿ ಏನಂದ್ಳು ಅಂತ ಅವರು ಕೇಳಿ ಹೇಳಿದ್ರು. ಅವರ ಭಾಷಾದಾಗ ನಾಕು ಅಂದ್ರ ಸಾವು ಅಂದಂಗ ಕೇಳತೈತಂತ, ಕೂಸಿನ ಲೆಕ್ಕ ನಾಕಕ್ಕ ನಿಲ್ಲಬಾರದು ಅಂತ ಐದನೇದು ಕೊಟ್ಟಳಂತ. ನಾವು ಒಂದರಿಂದ ಸುರು ಮಾಡಂಗಿಲ್ಲ, ಅವರು ನಾಕಕ್ಕ ನಿಲ್ಲಿಸಂಗಿಲ್ಲ.

ಸವಿತಾ ನಿಂತಲ್ಲೇ ನಿಂತಿದ್ಳು. ನನಗ ಮೊದಲು ಬಂದದ್ದು ಖುಷಿ ಅಲ್ಲ, ಅಂಜಿಕಿ. ಕಳವು ಸಿಕ್ಕಿಬಿದ್ದಂಗ.

"ಅವ್ವಾ" ಅಂದ್ಳು, "ಯಾರು ಕಲಿಸಿದ್ರು ಇದನ್ನ?"

"ನಾ ಕಲಿಸಿಲ್ಲವಾ. ಅಳೀತಿದ್ದೆ, ಅಷ್ಟ."

ಅಕಿ ಕುಂತು ಕೂಸಿನ ತಲಿ ಮ್ಯಾಲ ಗದ್ದ ಊರಿದ್ಳು. ಆಮ್ಯಾಲ ನಗಾಕ ಹತ್ತಿದ್ಳು, ಕಣ್ಣಾಗ ನೀರು ಇಳಿಯಾಕ ಹತ್ತಿದ್ವು. "ಒಂದನೇ ಇಯತ್ತ್ಯಾಗ ಮಾಸ್ತರು ಎಣಿಸು ಅಂದಾಗ ನಾನೂ ಎದ್ದು ನಿಂತು ಲಾಭ, ಎರಡ ಅಂದಿದ್ದೆ, ನೆನಪೈತಿ? ಇಡೀ ವರ್ಗ ನಕ್ಕಿತ್ತು. ಮನಿಗೆ ಬಂದು ನಿನ್ನ ಕೂಡ ಜಗಳಾಡಿದ್ದೆ."

"ಎರಡು ದಿನಾ ಉಂಡಿರಲಿಲ್ಲ ನೀ."

"ಒಂದ ದಿನಾ, ಅವ್ವಾ."

ಅಳಿಯ ತಂದ ಶ್ಯಾವಗಿ ಸಾರು ಆರಿ ತಣ್ಣಗಾಗಿತ್ತು. ಅದರಷ್ಟು ರುಚಿ ನಾ ಸಿಂಗಪುರದಾಗ ಬ್ಯಾರೆ ಏನೂ ಉಣಲಿಲ್ಲ.

ಸಂಜಿ

ಹೊಳ್ಳಿ ಬರುವಾಗ ರೈಲಿನ ಕಿಡಕ್ಯಾಗ ಮಳಿ ನೋಡಕೋತ ವಿಚಾರ ಮಾಡಿದೆ. ಕನ್ನಡದ್ದ ಗುಣ ಅಂತ ಎದಿ ಉಬ್ಬಿಸಿ ಹೇಳಾಕ ನಾ ತಯಾರಿಲ್ಲ. ಅಕ್ಕೋರು ಕೂಸಿನ ಒಳ್ಳೇದಕ್ಕ ಹೇಳಿದ್ರು. ಚುರುಮುರಿ ಭಟ್ಟ್ಯಾಗ ಅಕ್ಕಿ ಕಾದ ಉಸುಕಿಗೆ ಬಿದ್ದ ಕೂಡ್ಲೆ ಅರಳಂಗಿಲ್ಲ, ಒಂದು ಗಳಿಗಿ ಸುಮ್ಮನ ಇರತೈತಿ. ಆ ಗಳಿಗ್ಯಾಗ ಹೊಸಬರು ಕೆಟ್ಟಿತು ಅಂತ ತಿಳಕೊಂಡು ಉರಿ ಹೆಚ್ಚಿಸಿ ಕರಕ ಮಾಡ್ತಾರ. ನಮಗ ಆ ಗಳಿಗಿ ಮೂರು ವರ್ಷ ಒಂಬತ್ತು ತಿಂಗಳು ಆಗಿತ್ತು. ಯಾವ ಉರಿಗೆ ಅರಳಿತೋ, ಯಾರಿಗೆ ಗೊತ್ತು.

ಮನಿಗೆ ಬಂದು ನೋಡಿದ್ರ ಮಳಿ ಗಾಳಿಗೆ ಚುರುಮುರಿ ಮೆತ್ತಗಾಗಿದ್ವು. ಬಾಣಲಿಗೆ ಹಾಕಿ ಒಲಿ ಮ್ಯಾಲ ಬೆಚ್ಚಗ ಮಾಡಿದೆ. ಸವಿತಾ ಉಳ್ಳಾಗಡ್ಡಿ ಹೆಚ್ಚಿದ್ಳು, ಅಳಿಯ ಮೆಣಸಿನಕಾಯಿ ಸೀಳಿ ಮಿರ್ಚಿ ಕರದ್ರು. ಚುರುಮುರಿಗೆ ಖಾರ, ಉಳ್ಳಾಗಡ್ಡಿ ಕಲಸಿ ಗಿರ್ಮಿಟ್ ಮಾಡೂಣು ಅಂತ ಆತು.

ನಮ್ಮನಿಯವರಿಗೆ ಫೋನ್ ಹಚ್ಚಿ ಮಾರಿ ಕಾಣೋ ಹಂಗ ನಡುವ ನಿಂದರಿಸಿದ್ವಿ. ಅವರು ಅಂಗಡಿ ಕಟ್ಟಿ ಮ್ಯಾಲ ಕುಂತಿದ್ರು, ಅವರ ಮುಂದೂ ಗಿರ್ಮಿಟ್. "ಕೂಸು ಏನರ ಅಂತೇನ?" ಅಂದ್ರು. ನಾ ಕೂಸಿನ ಕೈಯಾಗ ಪಾವು ಕೊಟ್ಟೆ.

ಕೂಸು ಅಳದು ತಾಟಿಗೆ ಹಾಕಿತು. ನನ್ನ ತಾಟಿಗೆ ಲಾಭ. ಅವರವ್ವನ ತಾಟಿಗೆ ಎರಡ. ಅವರಪ್ಪನ ತಾಟಿಗೆ ಮೂರ. ತನ್ನ ತಾಟಿಗೆ ನಾಕ. ಆಮ್ಯಾಲ ಸುತ್ತೂ ನೋಡಿ, ಫೋನಿನ ಮುಂದ ನೆಲದ ಮ್ಯಾಲ ಸುರುವಿ "ಐದ" ಅಂತು.

"ಅಪ್ಪಾ, ಕೇಳಿಸ್ತೇನ?" ಅಂದ್ಳು ಸವಿತಾ.

"ಕೇಳಿಸ್ತು" ಅಂದ್ರು. "ಕಣ್ಣಾಗ ಉಳ್ಳಾಗಡ್ಡಿ ಖಾರ ಹೋಗೇತಿ, ತಡಿ."

ಅಳಿಯ ಕೇಳಿದ್ರು, "ಅತ್ತಿ, ನಾಳೆ ಶಾಲ್ಯಾಗ ಒಂದು ಅನ್ನೋ ಕಡೆ ಲಾಭ ಅಂದ್ರ?"

"ಅನ್ಲಿ ಬಿಡ್ರಿ, ನಾನೂ ಅಂದಾಕಿನ" ಅಂದ್ಳು ಸವಿತಾ. ಆಮ್ಯಾಲ ನನ್ನ ಕಡೆ ತಿರುಗಿ, "ಆ ಅರ್ಜಿ ಕೊಡೂದೋ ಬಿಡೂದೋ ಡಾಕ್ಟರಿಗೆ ಕೇಳೂಣು. ನೀ ಮಾತ್ರ ಇನ್ನ ಮಾತಾಡವ್ವಾ. ಐದು ದಿನ ಅದಾವು."

ಎರಡು ತಿಂಗಳ ಮಾತು ಎದ್ಯಾಗ ಕೂಡಿಬಿದ್ದಿತ್ತು. ಹಾಡು, ಕತಿ, ಅವರ ಮುತ್ತಜ್ಜಿ ಸುದ್ದಿ, ಏನೆಲ್ಲಾ ಹೇಳಬೇಕಂತ ಇದ್ದೆ. ಬಾಯಿ ತಗದ್ರ ಅಂಗಡಿ ಮಾತ ಬಂತು.

"ಸಾಕೇನವಾ?" ಅಂದೆ.

ಕೂಸು ತನ್ನ ತಾಟು ನೋಡಿತು, ನನ್ನ ನೋಡಿತು. ಅಂಗೈ ಬಿಚ್ಚಿ ಮುಂದ ಹಿಡೀತು, ಕೊಸರಿಗೆ.

ಮುಟಿಗಿ ತುಂಬ ಹಾಕಿದೆ. ಆಮ್ಯಾಲ ಎಲ್ಲಾರೂ ತಿನ್ನಾಕ ಕುಂತ್ವಿ.